ವಹಿಯಲ್ಲಿರುವ ಕುರ್ಚಿ, ಕೋಣೆಯಲ್ಲಿರುವ ಕುರ್ಚಿ

ಸರಕಾರಿ ಕಚೇರಿ ಕೊಂಡ ಕುರ್ಚಿ ಎರಡು ಕಡೆ ಇರಬೇಕು: ಕೋಣೆಯಲ್ಲಿ ಒಮ್ಮೆ, ವಹಿಯಲ್ಲಿ ಒಮ್ಮೆ. ಕೋಣೆಯಲ್ಲಿದ್ದು ವಹಿಯಲ್ಲಿಲ್ಲದ ಕುರ್ಚಿಗೆ ಒಡೆಯನಿಲ್ಲ. ವಹಿಯಲ್ಲಿದ್ದು ಕೋಣೆಯಲ್ಲಿಲ್ಲದ ಕುರ್ಚಿಯ ಮೇಲೆ ಯಾರೂ ಕೂರಲಾರರು. ಇವೆರಡೂ ಒಂದೇ ಹೌದೋ ಅಲ್ಲವೋ ಎಂದು ಆಗಾಗ ನೋಡಿ ಖಾತ್ರಿ ಮಾಡಿಕೊಳ್ಳುವುದಕ್ಕೆ ದಾಸ್ತಾನು ಪರಿಶೀಲನೆ ಎಂದು ಹೆಸರು. ನೆಲ, ಕಟ್ಟಡ, ರಸ್ತೆ, ಸೇತುವೆ ಬಿಟ್ಟು ಸರಕಾರದ ಹಣದಲ್ಲಿ ಬಂದ ಉಳಿದದ್ದೆಲ್ಲ ಚರಾಸ್ತಿ. ಮೇಜು, ಕಪಾಟು, ಗಣಕಯಂತ್ರ, ಜೀಪು, ಎಕ್ಸ್‌ರೇ ಯಂತ್ರ, ಶಾಲೆಯ ಭೂಗೋಳ, ಅಂಗನವಾಡಿಯ ತಕ್ಕಡಿ ಎಲ್ಲವೂ ಇದರಲ್ಲಿ ಸೇರುತ್ತವೆ. ಸರಕಾರಿ ಜಾಗವನ್ನು ಯಾರಾದರೂ ಒತ್ತಿಕೊಂಡರೆ ಸರ್ವೆಯವರು ಬಂದು ಅಳೆದು ಗಡಿ ಹುಡುಕಬಹುದು. ಚರಾಸ್ತಿ ಹೆಸರಿಗೆ ತಕ್ಕಂತೆ ನಡೆದುಹೋಗುತ್ತದೆ.

ಬಾಳಿಕೆ ಬರುವ ವಸ್ತುಗಳ ವಹಿಗೆ ಕಚೇರಿಗಳಲ್ಲಿ ಬಳಕೆಯ ಹೆಸರು ಡೆಡ್ ಸ್ಟಾಕ್ ರಿಜಿಸ್ಟರ್; ಕನ್ನಡದಲ್ಲಿ ಜಡ ವಸ್ತುಗಳ ವಹಿ. ಬಳಸಿದರೆ ಮುಗಿಯುವ ಕಾಗದ, ಶಾಯಿ, ಫಿನಾಯಿಲಿಗೆ ಬೇರೆ ವಹಿ. ಉಡುಪಿ ಕಡೆ ಗ್ರಾಮ ಸಹಾಯಕನನ್ನು ಜನ ಇಂದಿಗೂ ಉಗ್ರಾಣಿ ಎನ್ನುತ್ತಾರೆ. ಉಗ್ರಾಣ ಕಾಯುವವನು ಎಂಬುದು ಆ ಪದದ ಅರ್ಥ. ಉಗ್ರಾಣ ಹೋಗಿ ಎಷ್ಟೋ ಕಾಲವಾಗಿದೆ, ಹೆಸರಷ್ಟೇ ನಿಂತಿದೆ. ಜಡ ವಸ್ತುಗಳ ವಹಿಗೂ ಹಲವೆಡೆ ಇದೇ ಗತಿ.

ನಿಯಮಗಳಿಗೆ ಬರವಿಲ್ಲ. 1956ರ ನವೆಂಬರ್ 1ರ ತನಕ ಉಡುಪಿ, ಕಾರ್ಕಳ ತಾಲೂಕುಗಳು ಮದರಾಸು ರಾಜ್ಯದಲ್ಲಿದ್ದವು. ಲೆಕ್ಕ ಇಡುತ್ತಿದ್ದದ್ದು ಮದರಾಸಿನ ಕ್ರಮದಂತೆ. ಏಕೀಕರಣದ ಬಳಿಕ 1958ರ ಆರ್ಥಿಕ ಸಂಹಿತೆ ಬಂತು. ಅದರ ಹೆಸರಿನಲ್ಲಿದ್ದ ಮೈಸೂರು ಮುಂದೆ ಕರ್ನಾಟಕವಾಯಿತು, ಸಂಹಿತೆ ಅದೇ ಉಳಿಯಿತು. ಕೇಂದ್ರ ಸರಕಾರದ ಕಚೇರಿಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳಿವೆ. ಅವುಗಳ ಪ್ರಕಾರ ಬಾಳಿಕೆಯ ಆಸ್ತಿಗೆ ಒಂದು ನಮೂನೆ, ಮುಗಿದುಹೋಗುವ ಸಾಮಗ್ರಿಗೆ ಇನ್ನೊಂದು, ಐತಿಹಾಸಿಕ ಅಥವಾ ಕಲಾತ್ಮಕ ಮೌಲ್ಯದ ವಸ್ತುವಿಗೆ ಮತ್ತೊಂದು. ಈ ಮೂರನೆಯ ನಮೂನೆ ಅಲಂಕಾರಕ್ಕೆ ಇಟ್ಟದ್ದಲ್ಲ. 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭದಂಥ ಕಡೆ ಬದಲಾಯಿಸಿ ತೆಗೆದಿಟ್ಟ ಹಳೆಯ ದೀಪದ ಭಾಗವನ್ನು ಯಾವ ನಮೂನೆಯಲ್ಲಿ ಬರೆಯುತ್ತಾರೆ ಎನ್ನುವುದರ ಮೇಲೆಯೇ ಅದು ವಸ್ತುಸಂಗ್ರಹಾಲಯಕ್ಕೋ ಗುಜರಿಗೋ ಎಂಬುದು ತೀರ್ಮಾನವಾಗುತ್ತದೆ. ಇದೇ ನಿಯಮಗಳಂತೆ ವರ್ಷಕ್ಕೊಮ್ಮೆಯಾದರೂ ವಸ್ತುವನ್ನು ಕಣ್ಣಾರೆ ಕಂಡು ಎಣಿಸಬೇಕು, ಎಣಿಸುವಾಗ ಅದನ್ನು ಕಾಯುವ ಅಧಿಕಾರಿ ಎದುರಿಗಿರಬೇಕು, ಕಂಡದ್ದನ್ನು ವಹಿಯಲ್ಲೇ ಬರೆದು ಸಹಿ ಮಾಡಬೇಕು, ಕೊರತೆ ಕಂಡರೆ ಕೂಡಲೇ ಮೇಲಿನವರಿಗೆ ತಿಳಿಸಬೇಕು. ರಾಜ್ಯದ ಸಂಹಿತೆಯೂ ಇದೇ ಅಚ್ಚಿನದು.

ಈ ವಹಿ ಯಾಕೆ ಅಷ್ಟು ಮುಖ್ಯ ಎಂಬುದನ್ನು ತಿಳಿಯಲು ಸರಕಾರದ ಲೆಕ್ಕದ ಸ್ವಭಾವ ನೋಡಬೇಕು. ರಾಜ್ಯ ಸರಕಾರ ಲೆಕ್ಕ ಇಡುವುದು ನಗದಿನ ಮೇಲೆ. ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾ ಕಚೇರಿ ಒಂದು ಪ್ರಿಂಟರು ಕೊಂಡಿತು ಎನ್ನೋಣ. ಖಜಾನೆಯಿಂದ ಹಣ ಹೋಯಿತು, ಆ ವರ್ಷದ ಖರ್ಚಿನ ಶೀರ್ಷಿಕೆಯಡಿ ಬಿತ್ತು, ಮಾರ್ಚ್ 31 ದಾಟಿತು. ಅಲ್ಲಿಗೆ ಪ್ರಿಂಟರು ಸರಕಾರದ ಲೆಕ್ಕದಿಂದ ಮಾಯ. ಮರುವರ್ಷ ಅದು ಇದೆಯೋ ಇಲ್ಲವೋ, ಸವೆದದ್ದೆಷ್ಟು, ಉಳಿದ ಬೆಲೆ ಎಷ್ಟು ಎಂದು ಯಾವ ಲೆಕ್ಕಪತ್ರವೂ ಕೇಳುವುದಿಲ್ಲ. ಅದರ ನೆನಪು ಉಳಿಯುವುದು ಕಚೇರಿಯ ದಾಸ್ತಾನು ವಹಿಯಲ್ಲಿ ಮಾತ್ರ. ನಗರಾಡಳಿತದ ಮಾತು ಬೇರೆ. 2006ರ ಪೌರಾಡಳಿತ ಲೆಕ್ಕಪತ್ರ ನಿಯಮಗಳಂತೆ ಉಡುಪಿ ನಗರಸಭೆ, ಕಾರ್ಕಳ ಮತ್ತು ಕಾಪು ಪುರಸಭೆಗಳು ಜೋಡಿ ನಮೂದಿನ ಲೆಕ್ಕ ಇಡಬೇಕು, ಆಸ್ತಿಯನ್ನು ಆಸ್ತಿಯೆಂದೇ ತೋರಿಸಿ ವರ್ಷವರ್ಷವೂ ಸವಕಳಿ ಕಳೆಯಬೇಕು. ಹಾಗಾಗಿ ಕಾಪುವಿನ ತಾಲೂಕು ಕಚೇರಿಯೂ ಪುರಸಭೆಯೂ ಒಂದೇ ದಿನ ಒಂದೇ ಅಂಗಡಿಯಿಂದ ಒಂದೇ ಬಗೆಯ ಮೇಜು ತಂದರೆ, ಒಂದರ ಲೆಕ್ಕದಲ್ಲಿ ಅದು ಮುಗಿದ ಖರ್ಚು, ಇನ್ನೊಂದರಲ್ಲಿ ಉಳಿದ ಆಸ್ತಿ. ಪುರಸಭೆಯ ಕ್ರಮ ಮೇಲು, ಸಂಶಯವಿಲ್ಲ. ಆದರೂ ಅಲ್ಲಿನ ಅಂಕಿ ಹುಟ್ಟುವುದು ಬಿಲ್ಲಿನಿಂದ, ಕೋಣೆಯಿಂದಲ್ಲ. ಮೇಜು ಯಾರದೋ ಮನೆ ಸೇರಿದ್ದರೂ ಅದಕ್ಕೆ ಸವಕಳಿ ಕಳೆಯುತ್ತಾ ಹೋಗಬಹುದು.

ವಹಿಯಲ್ಲಿ ಬರೆಯುವ ಮೊದಲ ಸಾಲೇ ಒಂದು ಸಾಕ್ಷ್ಯ. ಇಂಥ ವಸ್ತು, ಇಂಥ ಲೋಹದ್ದು, ಇಷ್ಟು ತೂಕದ್ದು, ಇಂಥ ದಿನ ಬಂದು ತಲುಪಿತು ಎಂದು ಸಹಿ ಮಾಡಿದವನು ಅದನ್ನು ನೋಡಿ, ತೂಗಿ, ಪರೀಕ್ಷಿಸಿ ಒಪ್ಪಿಕೊಂಡಿದ್ದಾನೆ ಎಂದರ್ಥ. ಸರಬರಾಜುದಾರನ ಬಿಲ್ಲನ್ನೇ ನೋಡಿ ನಕಲು ಮಾಡಿದರೆ ಅದು ಬಿಲ್ಲಿನ ಪ್ರತಿ, ಅಷ್ಟೇ. ಕಾರ್ಕಳ ತಾಲೂಕಿನ ಬೈಲೂರಿನ ಉಮಿಕ್ಕಳ ಬೆಟ್ಟದಲ್ಲಿ ಪರಶುರಾಮ ಥೀಮ್ ಪಾರ್ಕ್ 2023ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಅಲ್ಲಿ ನಿಲ್ಲಿಸಿದ 33 ಅಡಿಯ ಪ್ರತಿಮೆ ಕಂಚಿನದೋ ಅಲ್ಲವೋ ಎಂಬ ಪ್ರಶ್ನೆ ಕೆಲವೇ ತಿಂಗಳಲ್ಲಿ ಎದ್ದಿತು. ಅದೇ ವರ್ಷ ಪ್ರತಿಮೆಯ ಮೇಲ್ಭಾಗವನ್ನು ಕೆಳಗಿಳಿಸಲಾಯಿತು. ವಿಷಯ ಪೊಲೀಸ್ ತನಿಖೆಗೂ ನ್ಯಾಯಾಲಯಕ್ಕೂ ಹೋಯಿತು. ತಪ್ಪು ಯಾರದೆಂದು ಹೇಳುವುದು ನ್ಯಾಯಾಲಯದ ಕೆಲಸ. ಬೆಟ್ಟದ ಮೇಲೆ ನೆಟ್ಟ ಪ್ರತಿಮೆಯನ್ನು ಚರಾಸ್ತಿ ಎನ್ನಬೇಕೆ ಎಂಬ ತಕರಾರೂ ಇರಲಿ. ಆದರೆ ಉದ್ಘಾಟನೆ ಮುಗಿದ ಮೇಲೆ ಊರೆಲ್ಲ ಕೇಳಿದ ಪ್ರಶ್ನೆ, ವಸ್ತು ಬಂದು ಇಳಿದ ದಿನವೇ ಒಬ್ಬ ಪರೀಕ್ಷಕ ಕೇಳಿ ಮುಗಿಸಬೇಕಾದ ಪ್ರಶ್ನೆ ಎಂಬುದಂತೂ ನಿಜ. ಲೋಹ ಯಾವುದೆಂದು ಹೇಳಲು ಪ್ರಯೋಗಶಾಲೆಗೆ ಬಹಳ ಹೊತ್ತು ಬೇಡ.

ಹಾಗಾದರೆ ಸರಕಾರಕ್ಕೆ ವಸ್ತು ಎಣಿಸಲು ಬರುವುದೇ ಇಲ್ಲವೇ? ಚೆನ್ನಾಗಿಯೇ ಬರುತ್ತದೆ. ಅದಕ್ಕೆ ಸಾಕ್ಷಿ ಮತಯಂತ್ರ. ಉಡುಪಿ ಜಿಲ್ಲೆಯಲ್ಲಿ ಐದು ವಿಧಾನಸಭಾ ಕ್ಷೇತ್ರಗಳು: ಬೈಂದೂರು, ಕುಂದಾಪುರ, ಉಡುಪಿ, ಕಾಪು, ಕಾರ್ಕಳ. ಲೋಕಸಭೆಗೆ ಬಂದರೆ ಬೈಂದೂರು ಶಿವಮೊಗ್ಗಕ್ಕೆ ಸೇರುತ್ತದೆ, ಉಳಿದ ನಾಲ್ಕು ಉಡುಪಿ-ಚಿಕ್ಕಮಗಳೂರಿಗೆ. ಪ್ರತಿ ಯಂತ್ರಕ್ಕೂ ಅದರದೇ ಸಂಖ್ಯೆ. ಚುನಾವಣೆಗೆ ಮೊದಲು ಪಕ್ಷಗಳ ಪ್ರತಿನಿಧಿಗಳ ಎದುರಿನಲ್ಲಿ ಉಗ್ರಾಣದ ಬೀಗ ತೆಗೆದು, ತಯಾರಿಸಿದ ಕಂಪನಿಯ ಎಂಜಿನಿಯರುಗಳಿಂದ ಮೊದಲ ಹಂತದ ತಪಾಸಣೆ. ಬಳಿಕ ಗಣಕಯಂತ್ರದಲ್ಲಿ ಎರಡು ಸುತ್ತು ಚೀಟಿ ಎತ್ತಿದಂತೆ ಹಂಚಿಕೆ: ಯಾವ ಯಂತ್ರ ಯಾವ ಕ್ಷೇತ್ರಕ್ಕೆ, ಆಮೇಲೆ ಯಾವ ಮತಗಟ್ಟೆಗೆ. ಸಂಖ್ಯೆಗಳ ಪಟ್ಟಿ ಪಕ್ಷಗಳಿಗೂ ಅಭ್ಯರ್ಥಿಗಳಿಗೂ ಸಿಗುತ್ತದೆ. ಕಾಡಂಚಿನ ಮತಗಟ್ಟೆಗೆ ಹೋದ ಪೆಟ್ಟಿಗೆ ಮರಳಿ ಭದ್ರತಾ ಕೊಠಡಿ ಸೇರುವ ತನಕ ಎಲ್ಲಿದೆ ಎಂದು ಹೇಳಬಲ್ಲ ಜಿಲ್ಲಾಡಳಿತ, ತನ್ನದೇ ಮಹಡಿಯ ಫ್ಯಾನುಗಳೆಷ್ಟು ಎಂದು ಕೇಳಿದರೆ ತಡವರಿಸಬಹುದು. ಸಿಬ್ಬಂದಿ ಅದೇ, ಕಚೇರಿ ಅದೇ. ವ್ಯತ್ಯಾಸ ಒಂದೇ: ಮತಯಂತ್ರದ ಪಟ್ಟಿ ಕಾಯುವವನ ಕೈಯಲ್ಲಿ ಮಾತ್ರ ಇಲ್ಲ, ಅವನನ್ನು ನಂಬದವರ ಕೈಯಲ್ಲೂ ಇದೆ. ಸಂಖ್ಯೆ ತಪ್ಪಿದರೆ ಆ ಗಳಿಗೆಯಲ್ಲೇ ಗದ್ದಲ. ಫ್ಯಾನಿನ ಪಟ್ಟಿಗೆ ಅಂಥ ಓದುಗನಿಲ್ಲ.

ಕಾಯುವವನಲ್ಲದೆ ಬೇರೆಯವರೂ ನೋಡಬೇಕೆಂಬ ಈ ತತ್ವ ತುಳುನಾಡಿಗೆ ಹೊಸದಲ್ಲ. ದೈವದ ಭಂಡಾರ ಇರುವುದು ಗುತ್ತಿನ ಮನೆಯಲ್ಲೋ ಭಂಡಾರದ ಮನೆಯಲ್ಲೋ: ಕಡ್ಸಲೆ (ಖಡ್ಗ), ಮಣಿ, ಚಾಮರ, ಮೊಗ (ಮುಖವಾಡ), ಒಡವೆ. ನೇಮದ, ಎಂದರೆ ದೈವದ ಉತ್ಸವದ, ಮೊದಲು ಭಂಡಾರ ಹೊರಡುತ್ತದೆ, ಮುಗಿದ ಮೇಲೆ ಮರಳುತ್ತದೆ. ಯಾವುದನ್ನು ಯಾರು ಹಿಡಿಯಬೇಕು, ಯಾರ ಕೈಯಿಂದ ಯಾರ ಕೈಗೆ ಹೋಗಬೇಕು ಎಂಬುದು ಕಟ್ಟಳೆ. ಊರವರು ಅದನ್ನು ನೋಡುವುದು ಭಕ್ತಿಯಿಂದಲೇ. ಆದರೆ ನೋಡುವ ಹೊತ್ತಿನಲ್ಲಿ ಒಂದು ಎಣಿಕೆಯೂ ನಡೆದುಹೋಗುತ್ತದೆ. ಮೊಗ ಬದಲಾದರೆ ಅಜ್ಜಂದಿರ ಕಣ್ಣಿಗೆ ಬೀಳುತ್ತದೆ. ಭಂಡಾರದ ಮನೆಗೂ ಕಳ್ಳರು ನುಗ್ಗುವುದುಂಟು, ಕಟ್ಟಳೆ ಬೀಗದ ಕೆಲಸ ಮಾಡುವುದಿಲ್ಲ. ಆದರೆ ಕಳೆದದ್ದು ಮುಂದಿನ ನೇಮದಾಚೆಗೆ ಗುಟ್ಟಾಗಿ ಉಳಿಯುವುದು ಕಷ್ಟ. ಸರಕಾರಿ ವಹಿಯಲ್ಲಿ ಕಳೆದದ್ದು ಹತ್ತು ವರ್ಷ ಗುಟ್ಟಾಗಿ ಉಳಿಯಬಲ್ಲದು, ಯಾಕೆಂದರೆ ಅದು ಹೊರಗೆ ಬರುವ ದಿನವೇ ಇಲ್ಲ.

ಕಳೆದುಹೋಗುವುದೊಂದೇ ನಷ್ಟವಲ್ಲ. ವಹಿಯ ಭಯದಿಂದ ಆಗುವ ಇನ್ನೊಂದು ನಷ್ಟವನ್ನು ಯಾವ ಆಡಿಟ್ ಪ್ಯಾರಾವೂ ಅಷ್ಟಾಗಿ ಬರೆಯುವುದಿಲ್ಲ. ಸರಕಾರಿ ಶಾಲೆಯ ಮುಖ್ಯೋಪಾಧ್ಯಾಯರ ಹೆಸರಿಗೆ ಪ್ರೊಜೆಕ್ಟರು ಏರಿತೆಂದರೆ ಅದು ಕೆಟ್ಟರೂ ಕಳೆದರೂ ಉತ್ತರ ಕೊಡಬೇಕಾದವರು ಅವರು. ಬಳಸದೇ ಇಟ್ಟರೆ ಯಾರೂ ಕೇಳುವುದಿಲ್ಲ. ಈ ಲೆಕ್ಕಾಚಾರ ಗೊತ್ತಿದ್ದವರು ಮಾಡುವುದು ಒಂದೇ: ಕಪಾಟಿನಲ್ಲಿಟ್ಟು ಬೀಗ. ವರ್ಗವಾಗುವಾಗ ಚಾರ್ಜ್ ಲಿಸ್ಟಿನಲ್ಲಿ ಬರೆದು ಮುಂದಿನವರಿಗೆ ಕೊಟ್ಟರೆ, ಅವರೂ ಹಾಗೆಯೇ ಬೀಗದ ಕೈ ತೆಗೆದುಕೊಳ್ಳುತ್ತಾರೆ. ವಹಿ ಪ್ರಕಾರ ವಸ್ತು ಸುರಕ್ಷಿತ. ಮಕ್ಕಳ ಪಾಲಿಗೆ ಅದು ಬಂದೇ ಇಲ್ಲ. ಹಣಕಾಸು ನಿಯಮ ಮಾಡಿದವರಿಗೆ ಈ ಅಪಾಯ ತಿಳಿದಿರಲಿಲ್ಲ ಎನ್ನುವಂತಿಲ್ಲ, ಯಾಕೆಂದರೆ ಗ್ರಂಥಾಲಯದ ವಿಷಯದಲ್ಲಿ ಅವರು ಬೇರೆ ಬುದ್ಧಿ ತೋರಿದ್ದಾರೆ. ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಗಳಲ್ಲಿ ವರ್ಷಕ್ಕೆ ಐದು ಕಳೆದರೆ, ಅದರಲ್ಲಿ ಮೋಸವೋ ಅಲಕ್ಷ್ಯವೋ ಇಲ್ಲದಿದ್ದರೆ, ಅದು ಸಹಜ ಎಂದು 2017ರ ನಿಯಮ ಒಪ್ಪುತ್ತದೆ. ಒಂದು ಸಾವಿರ ರೂಪಾಯಿಗಿಂತ ಹೆಚ್ಚಿನ ಬೆಲೆಯದ್ದು ಅಥವಾ ಅಪರೂಪದ್ದು ಹೋದರೆ ಮಾತ್ರ ವಿಚಾರಣೆ. ಓದಿಸಬೇಕಾದರೆ ಕೆಲವು ಪುಸ್ತಕ ಹೋಗುತ್ತವೆ ಎಂಬ ಲೋಕಜ್ಞಾನ ಇದು. ಸೂಕ್ಷ್ಮದರ್ಶಕಕ್ಕೂ ಟ್ಯಾಬಿಗೂ ಇಂಥ ಒಂದಿಷ್ಟು ಔದಾರ್ಯ ಸಿಕ್ಕಿದ್ದರೆ ಎಷ್ಟೋ ಪೆಟ್ಟಿಗೆಗಳ ಟೇಪು ಹರಿಯುತ್ತಿತ್ತು.

ದಾನದ ವಸ್ತುಗಳದ್ದು ಮತ್ತೊಂದು ಕಥೆ. ಉಡುಪಿ ಜಿಲ್ಲೆಯ ಸರಕಾರಿ ಶಾಲೆ, ಆಸ್ಪತ್ರೆಗಳಿಗೆ ಹಳೆ ವಿದ್ಯಾರ್ಥಿಗಳಿಂದ, ಮುಂಬಯಿ ಮತ್ತು ಕೊಲ್ಲಿಯಲ್ಲಿರುವ ಊರವರಿಂದ, ಸೇವಾ ಸಂಸ್ಥೆಗಳಿಂದ ಬಂದ ವಸ್ತುಗಳಿಗೆ ಲೆಕ್ಕವಿಲ್ಲ. ಲೆಕ್ಕವಿಲ್ಲ ಎಂಬುದನ್ನು ಎರಡೂ ಅರ್ಥದಲ್ಲಿ ಓದಿಕೊಳ್ಳಬಹುದು. ಬಿಲ್ಲು ಸರಕಾರದ್ದಲ್ಲದ ಕಾರಣ ಖಜಾನೆಗೆ ಗೊತ್ತಿಲ್ಲ, ವಹಿಗೆ ಏರಿಸುವ ಅವಸರ ಯಾರಿಗೂ ಇಲ್ಲ. ಹಸ್ತಾಂತರದ ಫೋಟೊ ಮಾತ್ರ ಗೋಡೆಯಲ್ಲಿ ಇರುತ್ತದೆ. ತಮಾಷೆಯೆಂದರೆ, ಕಪಾಟಿನ ಬಾಗಿಲಿಗೂ ಫ್ಯಾನಿನ ರೆಕ್ಕೆಗೂ ಬರೆಸಿದ ದಾನಿಯ ಹೆಸರು ಇಲಾಖೆ ಅಂಟಿಸುವ ಸಂಖ್ಯೆಯ ಚೀಟಿಗಿಂತ ಹೆಚ್ಚು ಕಾಲ ಬಾಳುತ್ತದೆ, ವಸ್ತುವನ್ನು ಹೆಚ್ಚು ಚೆನ್ನಾಗಿಯೂ ಕಾಯುತ್ತದೆ. ಊರ ಹಬ್ಬಕ್ಕೆ ಬಂದ ದಾನಿ ಒಮ್ಮೆ ಶಾಲೆಗೆ ಹಣಕಿದರೆ ತನ್ನ ಕಪಾಟು ಎಲ್ಲಿ ಎಂದು ಕೇಳದೆ ಹೋಗುವುದಿಲ್ಲ.

ಎಣಿಸುವಾಗ ಏನು ಕೇಳಬೇಕು ಎಂಬುದಕ್ಕೆ ಆರೋಗ್ಯ ಇಲಾಖೆ ಒಮ್ಮೆ ಒಳ್ಳೆಯ ಮಾದರಿ ಹಾಕಿಕೊಟ್ಟಿದೆ. 2015ರ ಸುಮಾರಿಗೆ ಕೇಂದ್ರ ಆರೋಗ್ಯ ಸಚಿವಾಲಯ ಸರಕಾರಿ ಆಸ್ಪತ್ರೆಗಳ ಉಪಕರಣಗಳ ಪಟ್ಟಿ ಮಾಡಿಸಿತು. 29 ರಾಜ್ಯಗಳ 29,115 ಆರೋಗ್ಯ ಕೇಂದ್ರಗಳಲ್ಲಿ 7,56,750 ಉಪಕರಣಗಳು ಸಿಕ್ಕವು, ಬೆಲೆ ಸುಮಾರು 4,564 ಕೋಟಿ ರೂಪಾಯಿ. ಹಾಗೆ ಎಣಿಸಿದವರು ಯಂತ್ರ ಇದೆಯೇ ಎಂದಷ್ಟೇ ಕೇಳಲಿಲ್ಲ, ನಡೆಯುತ್ತದೆಯೇ ಎಂದೂ ಕೇಳಿದರು. ರಾಜ್ಯದಿಂದ ರಾಜ್ಯಕ್ಕೆ ಶೇ. 13ರಿಂದ ಶೇ. 34ರಷ್ಟು ಉಪಕರಣಗಳು ಕೆಟ್ಟು ನಿಂತಿದ್ದವು. ಅವೆಲ್ಲ ಇದ್ದಲ್ಲೇ ಇದ್ದವು. ಹಳೆಯ ಬಗೆಯ ಪರಿಶೀಲನೆಯಾಗಿದ್ದರೆ ಎಲ್ಲ ಸರಿಯಿದೆ ಎಂದು ಸಹಿ ಬೀಳುತ್ತಿತ್ತು. ಈ ಒಂದು ಪ್ರಶ್ನೆಯ ಫಲವಾಗಿ ದುರಸ್ತಿಯನ್ನು ರಾಜ್ಯಮಟ್ಟದಲ್ಲಿ ಹೊರಗಿನ ಸಂಸ್ಥೆಗಳಿಗೆ ವಹಿಸುವ ಕಾರ್ಯಕ್ರಮವೇ ರೂಪುಗೊಂಡಿತು. ಆದ್ದರಿಂದ ವಹಿಯಲ್ಲಿ ಇದೆ, ಇಲ್ಲ ಎಂಬ ಎರಡು ಕಾಲಂ ಸಾಲದು. ನಡೆಯುತ್ತದೆಯೇ, ಕೊನೆಯ ಬಾರಿ ಬಳಸಿದ್ದು ಯಾವಾಗ ಎಂಬ ಇನ್ನೆರಡು ಬೇಕು.

ಕರಾವಳಿಯಲ್ಲಿ ಈ ಪ್ರಶ್ನೆ ಪ್ರಾಣದ ಪ್ರಶ್ನೆಯೂ ಆಗುತ್ತದೆ. ದೋಣಿ, ಪಂಪು, ಜನರೇಟರು, ಮರ ಕೊಯ್ಯುವ ಗರಗಸ ಎಲ್ಲೆಲ್ಲಿವೆ ಎಂದು ಜಿಲ್ಲಾವಾರು ದಾಖಲಿಸುವ ವಿಕೋಪ ಸಂಪನ್ಮೂಲ ಜಾಲವೊಂದು ದೇಶದಲ್ಲಿ 2003ರಿಂದ ಇದೆ. 2020ರ ಸೆಪ್ಟೆಂಬರ್ 19-20ರ ರಾತ್ರಿಯ ಮಳೆಗೆ ಉಡುಪಿಯ ತಗ್ಗು ಪ್ರದೇಶಗಳು ಮುಳುಗಿದಾಗ ಜನರನ್ನು ದೋಣಿಯಲ್ಲಿ ಸಾಗಿಸಬೇಕಾಯಿತು. ಅಂಥ ರಾತ್ರಿ ವಿಕೋಪ ಸಹಾಯವಾಣಿ 1077ಕ್ಕೆ ಕರೆ ಬಂದಾಗ ನಿಯಂತ್ರಣ ಕೊಠಡಿಯವರಿಗೆ ಬೇಕಾದದ್ದು ದೋಣಿ ಕೊಂಡ ವರ್ಷವಲ್ಲ. ಅದು ಈಗ ಎಲ್ಲಿದೆ, ತೂತಿಲ್ಲವಷ್ಟೇ, ಎಂಜಿನ್ ಹತ್ತುತ್ತದೆಯೇ, ಬೀಗದ ಕೈ ಯಾರಲ್ಲಿದೆ ಎಂಬುದು. ಉಪ್ಪುಗಾಳಿಯ ಈ ನೆಲದಲ್ಲಿ ಹೋದ ವರ್ಷದ ಉತ್ತರ ಈ ವರ್ಷಕ್ಕೆ ಸಲ್ಲುವುದಿಲ್ಲ. ನೀಲಿ ಧ್ವಜ ಪಡೆದ ಪಡುಬಿದ್ರಿ ಕಡಲತೀರದ ಸಲಕರಣೆಗಳನ್ನೂ ರಜತಾದ್ರಿಯ ಬೀರುವನ್ನೂ ಒಂದೇ ಅವಧಿಯಲ್ಲಿ ಪರಿಶೀಲಿಸಿದರೆ ಸಾಕು ಎನ್ನುವ ನಿಯಮ ಸಮುದ್ರ ಕಾಣದವರು ಬರೆದದ್ದಿರಬೇಕು.

ತುಕ್ಕು ಹಿಡಿದದ್ದನ್ನು ವಹಿಯಿಂದ ಇಳಿಸುವುದು ಏರಿಸುವುದಕ್ಕಿಂತ ಕಷ್ಟ. ನಿರುಪಯುಕ್ತವೆಂದು ಕಂಡಂ ಮಾಡಲು ಸಮಿತಿ, ಬೆಲೆ ಕಟ್ಟಲು ಎಂಜಿನಿಯರು, ಹರಾಜಿಗೆ ಪ್ರಕಟಣೆ, ಮೇಲಿನವರ ಮಂಜೂರಾತಿ. ಹತ್ತು ಮುರಿದ ಕುರ್ಚಿಗೆ ಇಷ್ಟೆಲ್ಲ ಯಾರು ಮಾಡುತ್ತಾರೆ? ಅವು ಕಚೇರಿಯ ಹಿಂದಿನ ಶೆಡ್ಡಿಗೆ ಹೋಗುತ್ತವೆ, ಮೇಲೆ ಕಾಡುಬಳ್ಳಿ ಹಬ್ಬುತ್ತದೆ, ವಹಿಯಲ್ಲಿ ಹೊಸದರಂತೆ ಉಳಿಯುತ್ತವೆ. ವಾಹನಗಳ ವಿಷಯದಲ್ಲಿ ಈ ಗಂಟನ್ನು ಕಾನೂನು ಬಿಡಿಸಿತು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರಕಾರಿ ವಾಹನದ ನೋಂದಣಿ ನವೀಕರಣವಾಗುವುದಿಲ್ಲ, ಅದು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ಅದೇ ದಿನದಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮದಂತೆ ಹಳೆಯ ಗಣಕಯಂತ್ರಗಳನ್ನೂ ಸಿಕ್ಕ ಗುಜರಿಯವನಿಗೆ ತೂಕಕ್ಕೆ ಹಾಕುವಂತಿಲ್ಲ. ಮೇಜು ಕುರ್ಚಿಗೂ ಇಂಥ ಒಂದು ನಿಗದಿತ ಆಯಸ್ಸು ಬೇಕು. ಕರಾವಳಿಯಲ್ಲಿ ಅದು ಬಯಲುಸೀಮೆಗಿಂತ ಕಡಿಮೆಯಿರಬೇಕು.

ವಸ್ತುಗಳು ದಾರಿ ತಪ್ಪುವುದು ಹೆಚ್ಚಾಗಿ ಹಸ್ತಾಂತರದಲ್ಲಿ. ಅಧಿಕಾರಿ ವರ್ಗವಾದಾಗ, ಯೋಜನೆ ಮುಗಿದಾಗ, ಕಚೇರಿ ಒಡೆದಾಗ. 1997ರ ಆಗಸ್ಟ್ 25ರಂದು ದಕ್ಷಿಣ ಕನ್ನಡದಿಂದ ಉಡುಪಿ ಬೇರೆ ಜಿಲ್ಲೆಯಾಯಿತು. 2018ರಲ್ಲಿ ಉಡುಪಿಯಿಂದ ಕಾಪು, ಕಾರ್ಕಳದ ಕಡೆಯಿಂದ ಹೆಬ್ರಿ ತಾಲೂಕುಗಳು ಹುಟ್ಟಿದವು. ಗಡಿ ಎಲ್ಲಿ ಎಂಬುದಕ್ಕೆ ಅಧಿಸೂಚನೆ ಇರುತ್ತದೆ, ಗ್ರಾಮಗಳ ಹೆಸರು ಒಂದೊಂದಾಗಿ ಅಚ್ಚಾಗುತ್ತವೆ. ಯಾವ ಕಪಾಟು ಯಾವ ಕಡೆಗೆ ಎಂಬುದನ್ನು ಲಾರಿಗೆ ಏರಿಸುವವರ ವಿವೇಕಕ್ಕೆ ಬಿಡುವ ಅಪಾಯ ಇಂಥಲ್ಲಿ ಯಾವಾಗಲೂ ಇದೆ. ಕೂಡುಕುಟುಂಬ ಪಾಲಾಗುವಾಗ ತಾಮ್ರದ ಹಂಡೆಯನ್ನೂ ಪಟ್ಟಿಯಲ್ಲಿ ಬರೆಯುವ ಜನ, ಕಚೇರಿ ಪಾಲಾಗುವಾಗ ಅಷ್ಟು ಜಾಗ್ರತೆ ವಹಿಸಿದರೆ ಸಾಕು.

ಬಾರ್‌ಕೋಡು ಅಂಟಿಸಿ ಗಣಕಕ್ಕೆ ಏರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯೊಂದಿದೆ. ಹುಡುಕುವುದು ಸುಲಭವಾಗುತ್ತದೆ, ನಿಜ. ಆದರೆ ಜಗತ್ತಿನಲ್ಲೇ ಹೆಚ್ಚು ಗಣಕಗಳಿರುವ ಇಲಾಖೆಗಳಲ್ಲೊಂದಾದ ಅಮೆರಿಕದ ರಕ್ಷಣಾ ಇಲಾಖೆ 2018ರಲ್ಲಿ ಮೊದಲ ಪೂರ್ಣ ಲೆಕ್ಕಪರಿಶೋಧನೆಗೆ ಒಳಪಟ್ಟು ಅನುತ್ತೀರ್ಣವಾಯಿತು, ಮುಂದಿನ ವರ್ಷಗಳಲ್ಲೂ ಪಾಸಾಗಲಿಲ್ಲ. ಎಫ್-35 ಯುದ್ಧವಿಮಾನದ ಹತ್ತು ಲಕ್ಷಕ್ಕೂ ಹೆಚ್ಚು ಬಿಡಿಭಾಗಗಳು 2018ರಿಂದೀಚೆಗೆ ಕಳೆದುಹೋಗಿವೆ ಎಂದು ಅಲ್ಲಿನ ಸರಕಾರಿ ಲೆಕ್ಕಪರಿಶೋಧಕರು 2023ರಲ್ಲಿ ವರದಿ ಮಾಡಿದರು. ಗುತ್ತಿಗೆದಾರರ ಉಗ್ರಾಣದಲ್ಲಿದ್ದ ಭಾಗಗಳ ಲೆಕ್ಕಕ್ಕೆ ಹೊಣೆ ಯಾರು ಎಂಬುದೇ ಇತ್ಯರ್ಥವಾಗಿರಲಿಲ್ಲ. ತಂತ್ರಾಂಶ ಆ ಪ್ರಶ್ನೆಗೆ ಉತ್ತರ ಕೊಡಲಾರದು.

ಉತ್ತರ ಪಟ್ಟಿಯನ್ನು ಹೊರಗಿಡುವುದರಲ್ಲಿದೆ. 2005ರ ಮಾಹಿತಿ ಹಕ್ಕು ಕಾಯ್ದೆ ಪ್ರತಿ ಕಚೇರಿಯೂ ಕೇಳದೆಯೇ ಪ್ರಕಟಿಸಬೇಕಾದ 17 ಬಾಬತ್ತುಗಳನ್ನು ಹೇಳುತ್ತದೆ: ನೌಕರರ ಸಂಬಳವಿದೆ, ಆಯವ್ಯಯವಿದೆ, ಸಹಾಯಧನ ಪಡೆದವರ ವಿವರವಿದೆ. ಕಚೇರಿಯಲ್ಲಿರುವ ವಸ್ತುಗಳ ಪಟ್ಟಿ ಮಾತ್ರ ಹೆಸರಿಟ್ಟು ಅಲ್ಲಿಲ್ಲ. ಅದನ್ನು ಸೇರಿಸಲು ಕಾಯ್ದೆ ತಿದ್ದುವವರೆಗೆ ಕಾಯಬೇಕಾಗಿಲ್ಲ. ಶಾಲೆಯ ಪಟ್ಟಿಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಮುಂದೆ, ಗ್ರಾಮ ಪಂಚಾಯತಿಯದ್ದನ್ನು ಗ್ರಾಮಸಭೆಯಲ್ಲಿ, ಪುರಸಭೆಯದ್ದನ್ನು ವಾರ್ಡಿನ ಸದಸ್ಯರ ಕೈಯಲ್ಲಿ ಇಡುವುದನ್ನು ಯಾವ ನಿಯಮವೂ ತಡೆಯುವುದಿಲ್ಲ. ಒಂದು ಶಾಲೆಯವರು ಪಕ್ಕದ ಶಾಲೆಯದ್ದನ್ನು ಎಣಿಸಲಿ, ತಮ್ಮದನ್ನೇ ತಾವು ಎಣಿಸಿ ಸಹಿ ಮಾಡುವುದು ನಿಲ್ಲಲಿ. ಎಣಿಕೆಗೆ ಕರಾವಳಿಯಲ್ಲಿ ತಕ್ಕ ತಿಂಗಳು ಮೇ. ಹಣಕಾಸು ವರ್ಷ ಮುಗಿದಿರುತ್ತದೆ, ಶಾಲೆಗೆ ರಜೆ ಇರುತ್ತದೆ, ಮಳೆಗಾಲಕ್ಕೆ ಬೇಕಾದ ದೋಣಿ ಪಂಪುಗಳನ್ನು ದುರಸ್ತಿ ಮಾಡಿಸಲು ಒಂದೆರಡು ವಾರ ಸಿಗುತ್ತದೆ. ಜೂನಿಗೆ ಬಿಟ್ಟರೆ ಮರದ ಕಪಾಟಿನ ಬಾಗಿಲು ಉಬ್ಬಿ ತೆರೆಯುವುದಿಲ್ಲ.